ಬಿಡದ ಪಟ್ಟಿ

ರಾಯಚೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪಾಠ ಮುಗಿದ ಮೇಲಿನ ಹೊತ್ತನ್ನೆಲ್ಲ ನಾಲ್ಕು ವರ್ಷ ಒಂದು ಪಟ್ಟಿಗಾಗಿ ಕಳೆದೆ. ಹಸಿ ಗಾಯಕ್ಕೂ ಅಂಟಿಕೊಳ್ಳುವ ಪಟ್ಟಿ ಅದು.

ಅದರ ಯೋಚನೆ ಬಂದದ್ದು ಮಾನ್ವಿ ಕಡೆಯ ಕಲ್ಲೂರಿನಲ್ಲಿ. ಕಾಲುವೆಯ ಕಲ್ಲಿಗೆ ಬಸವನಹುಳುವೊಂದು ಅಂಟಿಕೊಂಡಿತ್ತು. ನೀರು ಬಡಿದರೂ ಜಗ್ಗಲಿಲ್ಲ. ಮಳೆಗಾಲದ ಎರೆಮಣ್ಣಿನಲ್ಲಿ ಗೊರಸು ಕೊಳೆತು ಕುಂಟುವ ಕುರಿಗಳನ್ನು ಚಿಕ್ಕಂದಿನಿಂದ ಕಂಡವಳು ನಾನು. ಕಟ್ಟಿದ ಬಟ್ಟೆ ಕೆಸರಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಆ ಹುಳುವಿನ ಲೋಳೆಯಂಥದ್ದನ್ನು ಮಾಡಬೇಕೆನಿಸಿತು. ಜಾಲಿಮರದ ಅಂಟಿಗೆ ಬೇರೆ ಪಾಲಿಮರುಗಳನ್ನು ಬೆರೆಸಿ, ಮಾಂಸದಂಗಡಿಯ ಹಸಿ ತೊಗಲಿಗೆ ಹಚ್ಚಿ, ನೀರಲ್ಲಿಟ್ಟು ಎಳೆದು ನೋಡುತ್ತಿದ್ದೆ. ಎಷ್ಟೋ ಸಲ ಕಿತ್ತುಬಂತು. ಒಂದು ಮಧ್ಯಾಹ್ನ ಬರಲಿಲ್ಲ. ಖುಷಿಗೆ ಕಣ್ಣು ತುಂಬಿತು.

ದೇವದುರ್ಗದ ಹತ್ತಿರ ಕುರಿ ಕಾಯುವ ಮುದುಕಿಯೊಬ್ಬರು ನಮ್ಮ ಮನೆಗೆ ಕಂಬಳಿ ತರುತ್ತಿದ್ದರು. ಅವರ ಹಟ್ಟಿಗೆ ಹೋದೆ.

"ಇದರ ಕಾಲು ಗುಣ ಆಗ್ತದೇನ್ರಿ ಅಕ್ಕಾರ?" ಎಂದು ಕುಂಟುತ್ತಿದ್ದ ಕುರಿಯೊಂದನ್ನು ಮುಂದೆ ತಂದರು.

"ಆಗ್ತದ ಯವ್ವಾ," ಎಂದೆ. ಪಶುವೈದ್ಯರನ್ನು ಮೊದಲು ಕೇಳಬೇಕಿತ್ತು. ಕೇಳದೆ ಗೊರಸಿನ ಗಾಯಕ್ಕೆ ಪಟ್ಟಿ ಹಚ್ಚಿ ಬಂದೆ.

ಕಾಲೇಜಿನ ಪರೀಕ್ಷೆಯ ಕೆಲಸ ಮುಗಿಸಿ ಮತ್ತೆ ಹೋದಾಗ ಹತ್ತು ದಿನವಾಗಿತ್ತು. ಕುರಿ ಮಲಗಿತ್ತು. ಪಟ್ಟಿ ಮಾತ್ರ ಹಚ್ಚಿದ ಹಾಗೆಯೇ ಇತ್ತು.

"ಕಾಲು ಊದಾಕತ್ತಿತ್ರಿ. ಕೀಳಾಕ ಹೋದ್ರ ತೊಗಲೂ ಕಿತ್ತು ಬರಾಕತ್ತಿತ್ತು. ನೀವ ಹಚ್ಚೀರಲ್ಲ ಅಂತ ಸುಮ್ಮನಾದೆ," ಎಂದರು ಮುದುಕಿ.

ಕತ್ತರಿಯಿಂದ ಬಿಡಿಸಿದೆ. ಒಳಗೆ ಕೀವು, ಹುಳ. ಮಾಂಸದಂಗಡಿಯ ಸತ್ತ ತೊಗಲಿನಲ್ಲಿ ಕೀವು ಆಗುವುದಿಲ್ಲ ಎಂಬುದು ನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ವೈದ್ಯರನ್ನು ಕರೆಸಿದೆ. ತಡವಾಯಿತು ಎಂದರು. ಮರುದಿನ ಕುರಿ ಸತ್ತಿತು. ಮುದುಕಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಆಮೇಲೆ ಒಂದು ವರ್ಷ, ಬೇಕೆಂದಾಗ ಬಿಡುವ ಅಂಟಿಗಾಗಿ ಒದ್ದಾಡಿದೆ. ಬಿಡುವಂತೆ ಮಾಡಿದರೆ ಕೆಸರಲ್ಲಿ ನಿಲ್ಲುತ್ತಿರಲಿಲ್ಲ; ನಿಲ್ಲುವಂತೆ ಮಾಡಿದರೆ ಬಿಡುತ್ತಿರಲಿಲ್ಲ. ಕೊನೆಗೆ ಪ್ರಯೋಗಾಲಯಕ್ಕೆ ಹೋಗುವುದನ್ನೇ ನಿಲ್ಲಿಸಿದೆ.

ಈ ಮಳೆಗಾಲದಲ್ಲಿ ಆ ಮುದುಕಿ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಹತ್ತಿರ ಬಂದು ಕೈ ಹಿಡಿದು ಕೇಳಿದರು: "ಹೊಸಾದು ಏನರ ಮಾಡೀರೇನ್ರಿ ಅಕ್ಕಾರ? ಇನ್ನೂ ಎರಡು ಕುರಿ ಕುಂಟಾಕತ್ಯಾವ."

"ಇಲ್ಲ ಯವ್ವಾ, ನನ್ನ ಕೈಲೆ ಆಗಲಿಲ್ಲ," ಎಂದೆ.

ಅವರು ತಲೆಯಾಡಿಸಿ ಬಸ್ಸು ಹತ್ತಿದರು.