ಹೆದರಿಕೆಗೆ ಸರದಿ ಇಲ್ಲ

ನನ್ನ ಹೆಂಡತಿ ನನ್ನ ಮಾತು ಕೇಳುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಹಳೆಯ ಸುದ್ದಿ. ಹಾಗಾಗಿ ಅವಳಿಗೆ ನಿಜವಾಗಿಯೂ ಕಿವಿ ಕೇಳಿಸುತ್ತಿಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕೇಳುತ್ತಿದ್ದೆ, ಉತ್ತರ ಬರುತ್ತಿರಲಿಲ್ಲ. ಸಿಟ್ಟಿರಬೇಕು ಎಂದುಕೊಂಡು ಹಿಂದಿನ ದಿನ ನಾನು ಆಡಿದ್ದನ್ನೆಲ್ಲ ನೆನಪಿಸಿಕೊಳ್ಳುತ್ತಿದ್ದೆ. ಹುಡುಕಿದರೆ ಅವಳು ಸಿಟ್ಟಾಗಲು ತಕ್ಕ ಕಾರಣ ಒಂದಾದರೂ ಸಿಗುತ್ತಿತ್ತು. ಗಂಡನಾದವನಿಗೆ ಅಂಥ ಕಾರಣಗಳಿಗೆ ಕೊರತೆಯೇ? ನಾನೇ ಕಾಫಿ ಮಾಡಿಕೊಂಡು, ಅವಳಿಗೂ ಒಂದು ಲೋಟ ಕೊಟ್ಟು, ತಪ್ಪು ತೀರಿತೆಂದು ಸ್ಕೂಲಿಗೆ ಹೋಗುತ್ತಿದ್ದೆ.

ಗಿರಿಜಾ ನಮ್ಮ ಬೀದಿಯ ಅಂಗನವಾಡಿಯ ಟೀಚರು. ನಾನು ಇದೇ ಹೊಸದುರ್ಗದಲ್ಲಿ ಹೈಸ್ಕೂಲಿಗೆ ಕನ್ನಡ ಮೇಷ್ಟ್ರು. ಒಂದು ಸಂಜೆ ಅವಳು ತಾನಾಗಿಯೇ ಹೇಳಿದಳು: "ಬಲಗಿವೀಲಿ ದಿನವೆಲ್ಲ ಕುಯ್ ಅಂತೈತೆ ಕಣ್ರೀ. ಈ ಕಿವಿಗೆ ಫೋನ್ ಇಟ್ಕೊಂಡ್ರೆ ಏನೂ ಕೇಳಲ್ಲ." ಮಕ್ಕಳ ಕೂಗಾಟಕ್ಕೆ ಯಾರ ಕಿವಿಯಾದರೂ ಕುಯ್ ಅನ್ನುತ್ತದೆ ಎಂದು ಸಮಾಧಾನ ಹೇಳಿದೆ. ಮುಂದಿನ ಭಾನುವಾರ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ತಲೆ ತಿರುಗಿ ತಂತಿ ಹಿಡಿದುಕೊಂಡಳು. ತಂತಿ, ಒದ್ದೆ ಬಟ್ಟೆಗಳ ಸಮೇತ ನೆಲಕ್ಕೆ ಬಂದಳು. ಪೆಟ್ಟೇನೂ ಆಗಲಿಲ್ಲ. ಆದರೆ ನೆಲದ ಮೇಲೆ ಕುಳಿತೇ ಅವಳು ನನ್ನನ್ನು ನೋಡಿದ ರೀತಿಗೆ, ಮರುದಿನವೇ ಸ್ಕೂಲಿಗೆ ರಜೆ ಹಾಕಿದೆ.

ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋದೆವು. ಕಿವಿಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಕಿವಿ ನೋಡಿ, ಶಬ್ದದ ಪರೀಕ್ಷೆ ಮಾಡಿಸಿ, ಕೊನೆಗೆ ಹೇಳಿದರು: "ತಲೆದು ಒಂದು ಎಂಆರ್‌ಐ ಸ್ಕ್ಯಾನ್ ಮಾಡಿಸಿ ನೋಡಿಬಿಡೋಣ. ಗಾಬರಿ ಬೇಡ, ಅರ್ಜೆಂಟೂ ಇಲ್ಲ."

ಗಾಬರಿ ಬೇಡ ಎಂಬ ಮಾತಿನಷ್ಟು ಗಾಬರಿ ಹುಟ್ಟಿಸುವ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ಪರೀಕ್ಷೆಯ ಹಿಂದಿನ ದಿನ ನಾನೂ ಮಕ್ಕಳಿಗೆ ಹಾಗೇ ಹೇಳುತ್ತೇನೆ. ಹೇಳುವಾಗ ನನ್ನ ಕಣ್ಣು ಎತ್ತ ನೋಡುತ್ತಿರುತ್ತದೆ ಎಂದು ನನಗೆ ಗೊತ್ತು. ಆ ಡಾಕ್ಟರ ಕಣ್ಣು ಎತ್ತ ನೋಡುತ್ತಿತ್ತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದರು. ಪೆನ್ನನ್ನು ಯಾಕೆ ನೋಡಬೇಕಿತ್ತು?

ಸ್ಕ್ಯಾನಿಗೆ ದಿನ ಸಿಕ್ಕಿದ್ದು ಮುಂದಿನ ತಿಂಗಳ ಕೊನೆಗೆ. ಅದು ಯಾರ ತಪ್ಪೂ ಅಲ್ಲ. ಮೆಷೀನು ಒಂದೇ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ತಲೆ, ಬೆನ್ನು, ಮಂಡಿಗಳೆಲ್ಲ ಅದರೊಳಗೇ ಹೋಗಿ ಬರಬೇಕು. ಗಿರಿಜಾಗೆ ಬೇಸರವೇ ಆಗಲಿಲ್ಲ. "ಒಳ್ಳೇದಾತು ಬಿಡ್ರಿ, ಅಷ್ಟೊತ್ತಿಗೆ ಮಕ್ಕಳ ತೂಕ ನೋಡೋ ಕೆಲ್ಸಾನೂ ಮುಗ್ದಿರ್ತೈತೆ" ಎಂದಳು.

ನನಗೆ ಮಾತ್ರ ಹೆದರಿಕೆ ಶುರುವಾಯಿತು. ನಮ್ಮ ಸ್ಟಾಫ್ ರೂಮಿನ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತು, ಕಿವಿ ಕುಯ್ ಅನ್ನುವುದರಿಂದ ಹಿಡಿದು ಮನುಷ್ಯ ಸಾಯುವವರೆಗೆ ಎಷ್ಟು ದಾರಿಗಳಿವೆಯೋ ಅಷ್ಟನ್ನೂ ಓದಿದೆ. ಓದಿದ್ದನ್ನು ಯಾರಿಗೂ ಹೇಳಲಿಲ್ಲ. ಹೇಳದ ಹೆದರಿಕೆ ಒಳ್ಳೆಯತನದ ವೇಷದಲ್ಲಿ ಹೊರಗೆ ಬರುತ್ತದೆಂದು ಆಗ ಕಂಡುಕೊಂಡೆ. ಪಾತ್ರೆ ತೊಳೆದೆ. ಉಪ್ಪಿಲ್ಲದ ಸಾರನ್ನು ಹೊಗಳಿದೆ. ಅವಳ ತವರಿನವರ ಸುದ್ದಿಯನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದೆ. ನಾಲ್ಕು ದಿನ ಇದನ್ನೆಲ್ಲ ಸಹಿಸಿ ಅವಳು ಕೇಳಿದಳು: "ಏನ್ರೀ, ಡಾಕ್ಟ್ರು ನನ್ನ ಬಿಟ್ಟು ನಿಮ್ಮ ಹತ್ರ ಏನಾದ್ರೂ ಹೇಳಿದಾರಾ?"

"ಏನಿಲ್ಲ. ಖಾಸಗಿ ಕಡೆ ಸ್ಕ್ಯಾನ್ ಮಾಡಿಸಾಣ. ಬೇಗ ಆಗ್ತೈತೆ."

"ಅರ್ಜೆಂಟಿಲ್ಲ ಅಂದ್ರಲ್ಲ ಅವ್ರು."

"ಅವ್ರಿಗಿಲ್ಲ. ನನಗೈತೆ."

"ಆತು ಬಿಡ್ರಿ. ನಿಮ್ಮ ಸಮಾಧಾನಕ್ಕೆ ನನ್ನ ತಲೆ ತೋರಿಸಾಣ" ಎಂದಳು.

ಚಿತ್ರದುರ್ಗದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಫೋನು ಮಾಡಿದೆ. ವಾರವಾದರೂ ಆಗಬಹುದು ಎಂದುಕೊಂಡಿದ್ದೆ. ಅತ್ತಲಿಂದ ಒಂದು ಹುಡುಗಿ ಹೂವಿನಂಥ ದನಿಯಲ್ಲಿ, "ನಾಳೆ ಬೆಳಿಗ್ಗೆ ಬನ್ನಿ ಸರ್" ಎಂದಳು.

ನಾಳೆ ಎಂದ ಕೂಡಲೇ ಹ್ಞೂ ಎಂದು ಫೋನಿಟ್ಟು ಅಲ್ಲೇ ಕುಳಿತೆ. ದುಡ್ಡು ಕೊಟ್ಟರೆ ಕಾಯುವುದು ತಪ್ಪುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಕಾಯುವ ಆ ತಿಂಗಳಲ್ಲಿ ನನ್ನ ಹೆಂಡತಿ ಒಂದು ಕಿವಿ ಮಂದವಾದ ಗಟ್ಟಿಮುಟ್ಟಾದ ಹೆಂಗಸಾಗಿ ಉಳಿಯುತ್ತಿದ್ದಳು. ಮಕ್ಕಳ ತೂಕ ನೋಡುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು. ಆ ಒಂದು ತಿಂಗಳನ್ನು ನಾನೇ ದುಡ್ಡು ಕೊಟ್ಟು ಕಳೆದುಕೊಂಡಿದ್ದೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಅವಳು ಏನಾಗಿರುತ್ತಾಳೋ ಯಾರಿಗೆ ಗೊತ್ತು? ಫೋನು ಮಾಡಿ ಬರುವುದಿಲ್ಲ ಎಂದುಬಿಡಲೇ ಎನ್ನಿಸಿತು. ಅದಕ್ಕೂ ಧೈರ್ಯ ಬೇಕಿತ್ತು.

ಬೆಳಗಿನ ಬಸ್ಸಿನಲ್ಲಿ ಹೊರಟೆವು. ಹೊಳಲ್ಕೆರೆಯಲ್ಲಿ ಅವಳು ಗಣಪತಿಯಿರುವ ದಿಕ್ಕಿಗೆ ಕೈಮುಗಿದಳು. ಅಂಥದ್ದನ್ನು ಕಂಡರೆ ನಗುವವನು ನಾನು. ಅಂದು ಅವಳಿಗೆ ಕಾಣದ ಹಾಗೆ ಬ್ಯಾಗಿನ ಕೆಳಗೆ ಎರಡು ಕೈ ಜೋಡಿಸಿದೆ. ಚಿತ್ರದುರ್ಗ ಹತ್ತಿರವಾಗುತ್ತಿದ್ದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಎಲ್ಲ ತಿರುಗುತ್ತಿದ್ದವು, ಒಂದು ಮಾತ್ರ ನಿಂತಿತ್ತು. ಅದರಲ್ಲೂ ನನಗೆ ಅಪಶಕುನ ಕಾಣಿಸಿತು. ವಿಜ್ಞಾನದ ಮೇಷ್ಟ್ರು ನನ್ನ ಪಕ್ಕ ಕೂತಿದ್ದರೆ ನಾಚಿಕೆಯಾಗುತ್ತಿತ್ತು.

ಸೆಂಟರಿನಲ್ಲಿ ಎಸಿಯ ಚಳಿ. ಮೈಮೇಲೆ ಲೋಹದ ಚೂರೂ ಇರಬಾರದು ಎಂದರು. ಗಿರಿಜಾ ಬಳೆ, ಓಲೆ, ಮೂಗುಬೊಟ್ಟು ತೆಗೆದಳು. ಕಾಲುಂಗುರ ಜಪ್ಪಯ್ಯ ಅಂದರೂ ಬರಲಿಲ್ಲ; ಸೋಪು ಹಚ್ಚಿ, ಹಲ್ಲು ಕಚ್ಚಿ ತೆಗೆಯಬೇಕಾಯಿತು. ಕೊನೆಗೆ ಮಾಂಗಲ್ಯದ ಸರವನ್ನು ತಲೆಯ ಮೇಲಿಂದ ತೆಗೆದು ಎಲ್ಲವನ್ನೂ ನನ್ನ ಕರ್ಚೀಫಿಗೆ ಹಾಕಿದಳು. "ಬೀಳಿಸಬ್ಯಾಡ್ರಿ" ಎಂದಷ್ಟೇ ಹೇಳಿ, ಅವರು ಕೊಟ್ಟ ಹಸಿರು ಗೌನು ತೊಟ್ಟು ಒಳಗೆ ಹೋದಳು. ಬರಿಗೊರಳಿನ ಅವಳ ಬೆನ್ನು ನೋಡುತ್ತ, ಹೆಣದ ಮೈಮೇಲಿನದನ್ನೂ ಹೀಗೇ ತೆಗೆದು ಮನೆಯವರ ಕೈಗೆ ಕೊಡುತ್ತಾರೆ ಎಂದು ನೆನಪಾಗಿ, ಆ ನೆನಪನ್ನು ಕೊಡವಲು ಗೋಡೆಯ ಮೇಲಿನ ಸೂಚನೆಗಳನ್ನು ಓದತೊಡಗಿದೆ. ಮೂರು ಕಾಗುಣಿತದ ತಪ್ಪುಗಳು ಸಿಕ್ಕವು. ಎಂದಿನ ಸುಖ ಸಿಗಲಿಲ್ಲ.

ಬಾಗಿಲ ಹಿಂದೆ ಸದ್ದು ಶುರುವಾಯಿತು. ಮೊದಲು ಟಕ ಟಕ, ಆಮೇಲೆ ಬಂಡೆ ಕೊರೆಯುವಂಥ ಗರ್ರೋ ಎಂಬ ಸದ್ದು. ನನ್ನ ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಕೂತಿದ್ದರು. ಹಿರೇಗುಂಟನೂರಿನ ಕಡೆಯ ಕುರಿಗಾರರು. ಬೆನ್ನು ಬಗ್ಗಿಸಲಾಗದ ತಮ್ಮನನ್ನು ಕರೆತಂದಿದ್ದರು. ಅವನ ಸರದಿ ನಮ್ಮ ನಂತರ.

"ಒಳಗೆ ಯಾರು, ಮನೆಯವ್ರಾ?" ಎಂದರು. ಹೌದೆಂದೆ.

"ಈ ಸದ್ದು ಕೇಳಿದ್ರೆ ನನಗೆ ಬೋರು ಕೊರೆಸಿದ್ದು ನೆಪ್ಪಾಗ್ತೈತೆ. ಹಿಂಗೇ ಕುಂತಿದ್ದೆ, ಎದೆ ಹಿಡ್ಕಂಡು."

"ನೀರು ಬಿತ್ತಾ?"

"ಒಂದ್ರಾಗೆ ಬಿತ್ತು, ಒಂದ್ರಾಗೆ ಇಲ್ಲ." ಕಂಬಳಿ ಸರಿಮಾಡಿಕೊಂಡು, "ಅಲ್ಲಿ ಬೀಳ್ಲಿ ಅಂತ ಕುಂತಿದ್ದೆ. ಇಲ್ಲಿ ಏನೂ ಸಿಗದಿರ್ಲಿ ಅಂತ ಕುಂತೀನಿ ನೋಡ್ರಿ" ಎಂದರು. ನಗಬೇಕೆಂದುಕೊಂಡೆ. ಇಬ್ಬರೂ ನಗಲಿಲ್ಲ.

ಸದ್ದು ನಿಂತಿತು. ಬಾಗಿಲು ತೆರೆದು ಟೆಕ್ನೀಷಿಯನ್ ಹೊರಬಂದು ನನ್ನನ್ನೇ ಹುಡುಕಿ ಹೇಳಿದ: "ಸರ್, ಒಂದು ಇಂಜೆಕ್ಷನ್ ಕೊಟ್ಟು ಇನ್ನೊಂದ್ಸಲ ತೆಗೀಬೇಕು. ಡಾಕ್ಟ್ರು ಹೇಳಿದಾರೆ."

"ಯಾಕಪ್ಪ? ಏನಾದ್ರೂ ಕಂಡೈತಾ?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್." ಅವನೂ ತನ್ನ ಕೈಯಲ್ಲಿದ್ದ ಪೆನ್ನು ನೋಡಿದ.

ಆಮೇಲಿನ ಹೊತ್ತು ನನ್ನ ಬದುಕಿನ ಅತಿ ಉದ್ದದ ಹೊತ್ತು. ಕೈಯಲ್ಲಿದ್ದ ಕರ್ಚೀಫಿನ ಗಂಟು ಬೆವರಿಗೆ ಒದ್ದೆಯಾಯಿತು. ಅವಳಿಲ್ಲದ ಮನೆಯನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಬಾರದು ಎಂದರೂ ಬೀರುವಿನ ಕೀಲಿ ಎಲ್ಲಿರುತ್ತದೆ, ಹಾಲಿನವನಿಗೆ ಏನು ಹೇಳಬೇಕು ಎಂಬಂಥ ಕ್ಷುಲ್ಲಕ ಪ್ರಶ್ನೆಗಳೇ ಸಾಲುಗಟ್ಟಿದವು. ಹಿರಿಯರು ಕಂಬಳಿಯ ಅಂಚನ್ನು ನನ್ನ ಮೊಣಕಾಲಿನ ಮೇಲೂ ಎಳೆದು ಹಾಕಿ, "ಚಳಿ ಐತೆ" ಎಂದರು.

ಗಿರಿಜಾ ಹೊರಬಂದಾಗ ಟೆಕ್ನೀಷಿಯನ್ ಹೊಗಳಿದ: "ಮೇಡಂ ಒಂಚೂರೂ ಅಲುಗಾಡಲಿಲ್ಲ ಸರ್, ನಿದ್ದೆ ಮಾಡಿದಂಗಿತ್ತು." ರಿಪೋರ್ಟು ಮಧ್ಯಾಹ್ನ ಎಂದರು. ಹತ್ತಿರದ ಹೋಟೆಲಿನಲ್ಲಿ ಇಡ್ಲಿಯ ಮುಂದೆ ಕುಳಿತಾಗ, ಅದರೊಳಗೆ ಅದು ಹೇಗೆ ನಿದ್ದೆ ಬಂತು ಮಾರಾಯ್ತಿ ಎಂದು ಕೇಳಿದೆ.

"ನಿದ್ದೆ ಎಲ್ಲಿಂದ ಬರ್ಬೇಕು?" ಅವಳು ಇಡ್ಲಿ ಮುರಿಯುತ್ತಲೇ ಹೇಳಿದಳು. "ಕಣ್ಣು ಬಿಟ್ರೆ ಮೂಗಿನ ಮೇಲೇ ಗೋಡೆ. ಕೂಗ್ಬಿಡ್ತೀನಿ ಅನ್ನಿಸ್ತು. ಕೂಗಿದ್ರೆ ಹೊರಗೆ ನೀವು ಬಿದ್ದೇ ಹೋಗ್ತೀರಿ ಅಂತ ಹಲ್ಲು ಕಚ್ಕಂಡು ಮಲಗಿದ್ದೆ. ಇಂಜೆಕ್ಷನ್ ಅಂದಾಗ್ಲೇ ಏನೋ ಐತೆ ಅಂತ ಗೊತ್ತಾತು."

ಇಷ್ಟು ವರ್ಷ ನಾನು ಅವಳ ಧೈರ್ಯ ಎಂದು ನಂಬಿದ್ದು, ನನ್ನನ್ನು ಬೀಳಿಸಬಾರದೆಂದು ಅವಳು ಹಲ್ಲು ಕಚ್ಚಿದ್ದೇ ಇರಬಹುದೇ?

ರಿಪೋರ್ಟು ಹಿಡಿದು ಆಟೋದಲ್ಲಿ ಮತ್ತೆ ದೊಡ್ಡಾಸ್ಪತ್ರೆಗೇ ಹೋದೆವು. ಅದೇ ಡಾಕ್ಟರು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಈ ಸಲ ಪೆನ್ನನ್ನು ಬಿಟ್ಟು ಗಿರಿಜಾಳನ್ನೇ ನೋಡುತ್ತ ಮಾತಾಡಿದರು. ಕಿವಿಯ ನರದ ಮೇಲೆ ಒಂದು ಗಂಟು ಇದೆ. ಕಡಲೆಕಾಳಿಗಿಂತ ಚಿಕ್ಕದು. ಕ್ಯಾನ್ಸರ್ ಅಲ್ಲ. ಇಂಥವು ಬೆಳೆದರೂ ಬಹಳ ನಿಧಾನ. ಕೆಲವು ಬೆಳೆಯುವುದೇ ಇಲ್ಲ. ಹೋದ ಕೇಳುವಿಕೆ ಮತ್ತೆ ಬರುವುದು ಕಷ್ಟ.

"ಆಪರೇಷನ್ನಾ?" ಎಂದೆ.

"ಈಗ ಬೇಡ. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಿ, ಬೆಳೆದಿದೆಯಾ ನೋಡೋಣ. ಸದ್ಯಕ್ಕೆ ಇದಕ್ಕೆ ಚಿಕಿತ್ಸೆ ಅಂದ್ರೆ ಕಾಯೋದು."

ಕಾಯುವುದನ್ನು ತಪ್ಪಿಸಲು ದುಡ್ಡು ತೆತ್ತು ಬಂದವನಿಗೆ ಕಾಯುವುದನ್ನೇ ಬರೆದುಕೊಟ್ಟರು. ಪಾಠ ಹೇಳುವ ಚಾಳಿ ಎಂಥ ಹೊತ್ತಿನಲ್ಲೂ ಬಿಡುವುದಿಲ್ಲ ನೋಡಿ. ಆ ಕುರ್ಚಿಯಲ್ಲಿ ಕೂತೇ ನನ್ನ ತಲೆ ಕಾಯು ಎಂಬ ಧಾತುವಿನ ಹಿಂದೆ ಹೋಯಿತು. ಬಸ್ಸಿಗೆ ಕಾಯುತ್ತೇವೆ. ಹಂಡೆಯಲ್ಲಿ ನೀರೂ ಕಾಯುತ್ತದೆ. ಕುರಿಯನ್ನೂ ಕಾಯುತ್ತಾರೆ. ಮೂರನ್ನೂ ನಮ್ಮ ಹಿಂದಿನವರು ಒಂದೇ ಮಾತಿನಲ್ಲಿ ಇಟ್ಟಿದ್ದಾರೆ. ಇಷ್ಟು ದಿನ ನಾನು ಮೊದಲ ಎರಡನ್ನು ಮಾತ್ರ ಮಾಡಿದ್ದೆ: ದಿನ ಎಣಿಸುತ್ತ, ಒಳಗೊಳಗೇ ಕುದಿಯುತ್ತ. ಮೂರನೆಯದನ್ನು ಇನ್ನು ಕಲಿಯಬೇಕಿತ್ತು. ಕುರಿ ಕಾಯುವವನಿಗೂ ತೋಳದ ಹೆದರಿಕೆ ಇದ್ದೇ ಇರುತ್ತದೆ. ಹಾಗೆಂದು ಅವನು ಹೊಲದಲ್ಲಿ ಮೊಬೈಲು ಹಿಡಿದು ತೋಳದ ವಿಷಯವನ್ನೇ ಓದುತ್ತ ಕೂರುವುದಿಲ್ಲ.

ಹೀಗೆಲ್ಲ ಹೇಳಿದೆನೆಂದು ನನ್ನ ಹೆದರಿಕೆ ಹೋಯಿತೆಂದುಕೊಳ್ಳಬೇಡಿ. ಅದು ಹೋಗಿಲ್ಲ. ಮೊದಲು ಅದಕ್ಕೆ ಹೆಸರೂ ಇರಲಿಲ್ಲ, ಅಳತೆಯೂ ಇರಲಿಲ್ಲ. ಈಗ ಕಡಲೆಕಾಳಿಗಿಂತ ಚಿಕ್ಕದು ಎಂದು ಗೊತ್ತು. ಅಷ್ಟರ ಮಟ್ಟಿಗೆ ಕೊಟ್ಟ ದುಡ್ಡು ದಂಡವಲ್ಲ ಎಂದುಕೊಳ್ಳುತ್ತೇನೆ.

ಆಸ್ಪತ್ರೆಯಿಂದ ಹೊರಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೆವು. ರಸ್ತೆ ತುಂಬ ಆಟೋ, ಬೈಕುಗಳ ಗಲಾಟೆ. ನಾನು ಏನೋ ಹೇಳುತ್ತಲೇ ಇದ್ದೆ, ಅವಳು ಸುಮ್ಮನೆ ನಡೆಯುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ನಿಂತು, ನನ್ನ ತೋಳು ಹಿಡಿದು ಬಲಗಡೆಯಿಂದ ತನ್ನ ಎಡಗಡೆಗೆ ಎಳೆದುಕೊಂಡಳು.

"ಇನ್ನು ಈ ಕಡೆ ನಡೀರಿ. ಏನಾದ್ರೂ ಹೇಳೋದಿದ್ರೆ ಈ ಕಿವಿಗೆ ಹೇಳ್ರಿ. ಏನಂದ್ರಿ ಈಗ?"

ನಾನು ಹೇಳುತ್ತಿದ್ದುದು ಬಸ್ಸಿನ ಹೊತ್ತಿನ ವಿಷಯ. ಅದನ್ನು ಬಿಟ್ಟು, ಇಷ್ಟು ದಿನ ಪಾತ್ರೆ ತೊಳೆದು ತೊಳೆದು ಮುಚ್ಚಿಟ್ಟಿದ್ದನ್ನು ಹೇಳಿದೆ. "ನನಗೆ ಭಾಳ ಹೆದ್ರಿಕೆ ಆಗೈತೆ ಕಣೇ."

"ಹ್ಞೂ, ಕೇಳಿಸ್ತು" ಎಂದಳು ಗಿರಿಜಾ. "ನನಗೂ."

ಆಮೇಲೆ ಇಬ್ಬರೂ ರಸ್ತೆ ದಾಟಿದೆವು.