ಕಲ್ಲಿನ ದಾರಿಗೆ ನೀರು ಹಾಕುವ ಮೆಹು

ಸೂರ್ಯ ಇನ್ನೂ ಮೂಡಿಲ್ಲ. ಪಿರಮಿಡ್ಡಿಗೆ ಕಲ್ಲು ಹತ್ತಿಸುವ ಏರುದಾರಿಯ ಬುಡದಲ್ಲಿ ಮೆಹು ಬರಿಗಾಲಲ್ಲಿ ನಿಂತಿದ್ದಾರೆ. ಹೆಗಲ ಮೇಲೆ ನೀರಿನ ಕೊಡ. ಬೆನ್ನ ಹಿಂದೆ ಮರದ ಜಾರುಬಂಡಿ, ಅದರ ಮೇಲೆ ಹಗ್ಗ ಬಿಗಿದು ಕೂರಿಸಿದ ಸುಣ್ಣಕಲ್ಲು. ಮುಂದೆ ಎರಡು ಸಾಲಾಗಿ ಹಗ್ಗ ಹಿಡಿದ ಇಪ್ಪತ್ತು ಜನ. ಮೆಹು ಬಲಗಾಲನ್ನು ಮಣ್ಣಿಗೆ ಊರಿ, ಹಿಮ್ಮಡಿಯನ್ನು ಒಮ್ಮೆ ತಿರುವಿ ನೋಡಿ, ಕೊಡ ಬಾಗಿಸುತ್ತಾರೆ. ನೀರು ದಾರದಷ್ಟು ತೆಳ್ಳಗೆ ಬೀಳುತ್ತದೆ. ಮಣ್ಣು ಕಪ್ಪಾಗುತ್ತದೆ. ಅವರು "ಹೂಂ" ಅಂದ ಮೇಲೆ ಇಪ್ಪತ್ತು ಬೆನ್ನುಗಳು ಒಟ್ಟಿಗೆ ಬಾಗುತ್ತವೆ, ಕಲ್ಲು ಹೊರಡುತ್ತದೆ.

ಈ ಕಲ್ಲುಗಳ ಬಗ್ಗೆ ಕೇಳಿದರೆ ಎಲ್ಲರೂ ದೊರೆಯ ಹೆಸರು ಹೇಳುತ್ತಾರೆ. ಸ್ವಲ್ಪ ತಿಳಿದವರು ಶಿಲ್ಪಿಯ ಹೆಸರು ಹೇಳುತ್ತಾರೆ. ನದಿಯಾಚೆ ತೂರಾದ ಗಣಿಯಿಂದ ಬಿಳಿಗಲ್ಲು ತರುವ ದೋಣಿಯವರಿಗೂ ಒಂದಿಷ್ಟು ಹೆಸರಿದೆ. ಕಲ್ಲಿನ ಮುಂದೆ ನಡೆಯುತ್ತಾ ನೀರು ಹಾಕುವವನ ಹೆಸರನ್ನು ಯಾರೂ ಕೇಳಿದ್ದಿಲ್ಲ. ಅವನಿಲ್ಲದ ದಿನ ಇಪ್ಪತ್ತು ಜನರ ಕೆಲಸಕ್ಕೆ ನಲವತ್ತು ಜನ ಬೇಕು ಎನ್ನುವುದು ಮಾತ್ರ ಹಗ್ಗ ಹಿಡಿದ ಪ್ರತಿಯೊಬ್ಬನಿಗೂ ಗೊತ್ತು.

"ನೀರು ಕಮ್ಮಿ ಆದ್ರೆ ಬಂಡಿ ಮಣ್ಣನ್ನ ತಳ್ಕೊಂಡು ಮುಂದೆ ಗುಡ್ಡೆ ಹಾಕ್ಕೊಳುತ್ತೆ. ಜಾಸ್ತಿ ಆದ್ರೆ ಕೆಸರಾಗಿ ಹೂತ್ಕೊಳುತ್ತೆ," ಎನ್ನುತ್ತಾರೆ ಮೆಹು ನಮಗೆ. "ರೊಟ್ಟಿ ಹಿಟ್ಟು ಕಲಸೋ ಹೆಂಗಸರಿಗೆ ಕೇಳಿ, ಎಷ್ಟು ನೀರು ಅಂತ. ಅವರೂ ಹೇಳಲ್ಲ, ಕೈಗೆ ಗೊತ್ತು ಅಂತಾರೆ. ನಂಗೆ ಕಾಲಿಗೆ ಗೊತ್ತು."

ಮೆಹುಗೆ ಮೂವತ್ತಾರು ವರ್ಷ. ನೋಡಿದವರು ಐವತ್ತು ಅನ್ನುತ್ತಾರೆ. ಬಲ ಹೆಗಲು ಎಡಕ್ಕಿಂತ ನಾಲ್ಕು ಬೆರಳು ಕೆಳಗಿದೆ. ಎರಡೂ ಮಂಡಿ ಊದಿಕೊಂಡೇ ಇರುತ್ತವೆ. ದಿನಕ್ಕೆ ಒಂಬತ್ತು ಕಲ್ಲು, ಅದಕ್ಕೆ ಅರವತ್ತು ಕೊಡ ನೀರು. ಕಾಲುವೆ ಬಂದು ಮುಟ್ಟುವ ಕೊಳದಿಂದ ನೀರನ್ನು ಬೇರೆಯವರು ಹೊತ್ತು ತಂದುಕೊಡುತ್ತಾರೆ, ಸುರಿಯುವವರು ಮಾತ್ರ ಇವರೊಬ್ಬರೇ. ಹತ್ತು ದಿನಕ್ಕೊಮ್ಮೆ ಬಿಡುವು. ರೊಟ್ಟಿ, ಈರುಳ್ಳಿ, ಒಣಮೀನು, ಜವೆಗೋಧಿ ಹೆಂಡಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಉಸಿರಿಗೆ. ಕಲ್ಲಿನ ಪುಡಿ ಕುಡಿದ ಎದೆ ಇಲ್ಲಿ ಎಲ್ಲರದೂ ಒಂದೇ ಥರ ಕೆಮ್ಮುತ್ತದೆ.

ಅವರ ಅಪ್ಪನೂ ನೀರು ಹಾಕುವವನೇ, ಅದೇ ಕೆಮ್ಮಿನಲ್ಲಿ ಹೋದ. ಹೋಗುವ ಮುಂಚೆ ದೊಡ್ಡ ಮಗನಿಗೆ ಕೊಡ ಕೊಟ್ಟ, ಚಿಕ್ಕವನಿಗೆ ಅಡ್ಡಗಲ್ಲು ಕೊಟ್ಟ. ಚಿಕ್ಕವನ ಹೆಸರು ಖುಯಿ. ಏರುದಾರಿಯಲ್ಲಿ ಎಳೆಯುವವರು ನಿಂತು ದಣಿವಾರಿಸಿಕೊಳ್ಳಲು ಮೂರು ಕಡೆ ಜಾಗವಿದೆ, ಅದಕ್ಕೆ ಉಸಿರಿನ ಜಾಗ ಎನ್ನುತ್ತಾರೆ. ಅಲ್ಲಿ ಹಗ್ಗ ಸಡಿಲ ಬಿಡುವ ಹೊತ್ತಿಗೆ ಬಂಡಿ ಹಿಂದಕ್ಕೆ ಜಾರದಂತೆ ಹಿಂದುಗಡೆ ಕುಕ್ಕರುಗಾಲಲ್ಲಿ ಕೂತು ಅಡ್ಡಗಲ್ಲು ಕೊಡುವುದು ಖುಯಿಯ ಕೆಲಸ. ಅದಕ್ಕೇ ಉಸಿರಿನ ಜಾಗದಲ್ಲಿ ಎಂಟು ಮೊಳ ನೆಲವನ್ನು ಒಣದಾಗಿಯೇ ಬಿಡಬೇಕು. ಒಣ ಮಣ್ಣು ಬಂಡಿಯನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿಗೆ ಒಂದು ಹನಿಯೂ ಬೀಳಕೂಡದು ಎನ್ನುವುದು ನೀರಿನವನು ಕಲಿಯುವ ಮೊದಲ ಪಾಠ. ಕಣ್ಣು ಸುಳ್ಳು ಹೇಳುತ್ತೆ, ಕಾಲಿಟ್ಟು ನೋಡು ಎನ್ನುವುದು ಎರಡನೆಯದು. ಎರಡನ್ನೂ ಅಪ್ಪನೇ ಹೇಳಿಕೊಟ್ಟಿದ್ದ.

ಖುಯಿ ಸತ್ತು ಇಪ್ಪತ್ತು ದಿನವಾಯಿತು. ಮೂರನೆಯ ಉಸಿರಿನ ಜಾಗದಲ್ಲಿ ಹಗ್ಗ ಸಡಿಲವಾದದ್ದೇ ಬಂಡಿ ಹಿಂದಕ್ಕೆ ಜಾರಿತು. ಖುಯಿ ಅಡ್ಡಗಲ್ಲು ಹಿಡಿದು ಕೂತಿದ್ದವನು ಕೂತಲ್ಲೇ ಸಿಕ್ಕಿಕೊಂಡ. ಕಲ್ಲು ದಾರಿ ಬಿಟ್ಟು ಪಕ್ಕಕ್ಕೆ ಉರುಳಿ ಅದರ ಮೂಲೆ ಒಡೆಯಿತು. ಕಲ್ಲು ಒಡೆದದ್ದಕ್ಕೆ ಮೇಲಿನವರು ಕಾರಣ ಕೇಳಿದರು. ತಂಡದ ಮೇಸ್ತ್ರಿ ಪೆಹೆನ್, ಅಡ್ಡಗಲ್ಲಿನವನು ತಡಮಾಡಿದ ಎಂದು ಹೇಳಿ ಕೈ ತೊಳೆದುಕೊಂಡರು. ಸತ್ತವನು ಎದ್ದುಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ತಪ್ಪು ಹೊತ್ತು ಸತ್ತವನಿಗೆ ಕೆಲಸಗಾರರ ಗುಡ್ಡದಲ್ಲಿ ಗೋರಿ ಸಿಗುವುದಿಲ್ಲ. ಖುಯಿಯನ್ನು ದಕ್ಷಿಣದ ಮರಳಿನಲ್ಲಿ ಚಾಪೆ ಸುತ್ತಿ ಹೂತರು. ತಲೆದೆಸೆಗೆ ಒಂದು ರೊಟ್ಟಿ ತಟ್ಟೆಯಿಲ್ಲ, ಹೆಸರು ಬರೆದ ಒಂದು ಚೂರು ಕಲ್ಲಿಲ್ಲ. ಗಾಳಿ ಎರಡು ಸಲ ಬೀಸಿದ ಮೇಲೆ ಜಾಗವೂ ಗುರುತಿಗೆ ಸಿಗದಾಯಿತು. ಹೆಸರು ಅಳಿದರೆ ಮನುಷ್ಯ ಎರಡನೇ ಸಲ ಸತ್ತಂತೆ. ಆ ಎರಡನೇ ಸಾವಿನಿಂದ ಮತ್ತೆ ಏಳುವುದೆಂಬುದಿಲ್ಲ. ಖುಯಿಯ ಹೆಂಡತಿ ನುಬೆತ್ ರೊಟ್ಟಿ ಮನೆಯಲ್ಲಿ ಕೆಲಸ ಮಾಡುತ್ತಾರೆ. ಕೈ ನಿಧಾನದವನ ಹೆಂಡತಿ ಎಂದು ಒಲೆಗಳ ನಡುವೆ ಅವರ ಬೆನ್ನ ಹಿಂದೆ ಪಿಸುಮಾತು ನಡೆದೇ ಇದೆ. ಅದನ್ನು ಕೇಳಿಯೂ ಕೇಳದವರಂತೆ ಅವರು ಹಿಟ್ಟು ನಾದುತ್ತಾರೆ.

ಇವತ್ತು ನಾಲ್ಕನೆಯದಾಗಿ ಆ ಒಡೆದ ಕಲ್ಲಿನ ಸರದಿ. ಉಳಿ ಕೆಲಸದವರು ಮುರಿದ ಮೂಲೆಯನ್ನು ಕೆತ್ತಿ, ತಾಮ್ರದ ಉಳಿಗಳನ್ನು ಹತ್ತಾರು ಸಲ ಸಾಣೆ ಹಿಡಿದು, ಕಲ್ಲನ್ನು ಒಂದು ಮೊಳ ಚಿಕ್ಕದು ಮಾಡಿ ಕೊಟ್ಟಿದ್ದಾರೆ. ಕೆತ್ತುವಾಗ ಅದರ ಮೇಲಿದ್ದ ತಂಡದ ಗುರುತೂ ಹೋಗಿದೆ. ತಂಡದ ಹೆಸರು "ದೊರೆಯ ಕುಡುಕರು". ಯಾವ ಕಾಲದಲ್ಲೋ ಯಾರೋ ತಮಾಷೆಗೆ ಇಟ್ಟದ್ದು, ಈಗ ಸಾವಿರಾರು ಕಲ್ಲುಗಳ ಮೈಮೇಲೆ ಕೆಮ್ಮಣ್ಣಿನಲ್ಲಿ ಕೂತಿದೆ. ಅದನ್ನು ಮತ್ತೆ ಬರೆಯಲು ಗುಮಾಸ್ತ ಅಂಖು ಕುಂಚ ಮತ್ತು ಬಣ್ಣದ ತಟ್ಟೆ ಹಿಡಿದು ಕಲ್ಲಿನ ಜೊತೆಗೇ ಮೇಲೆ ನಡೆಯುತ್ತಿದ್ದಾರೆ. ಮೂರನೆಯ ಉಸಿರಿನ ಜಾಗದಲ್ಲಿ ಕಲ್ಲು ನಿಂತಾಗ ಬರೆಯುವುದು ಅವರ ಯೋಚನೆ.

ಮೊದಲೆಲ್ಲ ಈ ಏರುದಾರಿಯಲ್ಲಿ ಮಾತಿಗೆ ಬರವಿರಲಿಲ್ಲ. ಹಗ್ಗದ ಸಾಲಿನ ಮೊದಲನೆಯವರು ಇಪಿ, ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. "ನಾವು ಬೆವರು ಸುರಿಸ್ತೀವಿ, ಅಣ್ಣ ನೀರು ಸುರಿಸ್ತಾನೆ, ರೊಟ್ಟಿ ಮಾತ್ರ ಇಬ್ಬರಿಗೂ ಒಂದೇ ಅಳತೆ," ಎಂದು ದಿನಾ ಒಂದು ಸಲವಾದರೂ ಕಿಚಾಯಿಸುತ್ತಿದ್ದರು. ಇಪ್ಪತ್ತು ದಿನದಿಂದ ಇಪಿಯ ಬಾಯಿ ಕಟ್ಟಿದೆ. ಮೆಹು ಮಾತಾಡದಿದ್ದರೆ ಇಡೀ ಸಾಲು ಮಾತಾಡುವುದಿಲ್ಲ.

ಬುಡದಲ್ಲೇ ಮೆಹು ಅಂಖುವನ್ನು ಒಂದು ಮಾತು ಕೇಳಿದ್ದರು. ತಂಡದ ಹೆಸರಿನ ಕೆಳಗೆ ಖುಯಿಯ ಹೆಸರನ್ನೂ ಬರೆಯಬಹುದಾ ಎಂದು. ಹೇಗೂ ಕಲ್ಲಿನ ಆ ಮುಖ ಒಳಗಡೆ ಹೋಗುತ್ತದೆ, ಪಕ್ಕದ ಕಲ್ಲು ಅದನ್ನು ಮುಚ್ಚುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ದೊರೆಯ ಗೋರಿಯ ಗೋಡೆಯೊಳಗೆ ಸೇರಿದ ಹೆಸರನ್ನು ಯಾವ ಗಾಳಿಯೂ ಒರೆಸುವುದಿಲ್ಲ. ಅಂಖುಗೆ ಕನಿಕರವಿತ್ತು, ಕೈಗೆ ಧೈರ್ಯವಿರಲಿಲ್ಲ. ಮೇಸ್ತ್ರಿಯನ್ನು ಕೇಳು ಎಂದರು. ಮೇಸ್ತ್ರಿಯನ್ನು ಕೇಳಿದ್ದಕ್ಕೆ, ಕಲ್ಲು ಒಡೆಸಿದವನ ಹೆಸರನ್ನು ಅದೇ ಕಲ್ಲಿನ ಮೇಲೆ ಬರೆಸಿ ಮೇಲಿನವರಿಗೆ ಯಾವ ಮುಖ ತೋರಿಸಲಿ ಎಂದು ಪೆಹೆನ್ ಮಾತು ಮುಗಿಸಿದರು. ಸಂಜೆಯೊಳಗೆ ಕಲ್ಲು ಗೋಡೆ ಸೇರುತ್ತದೆ. ಆಮೇಲೆ ಬರೆಯಲು ಮುಖವೇ ಇರುವುದಿಲ್ಲ.

ಕಲ್ಲು ಮೊದಲ ಉಸಿರಿನ ಜಾಗ ದಾಟಿತು, ಎರಡನೆಯದನ್ನೂ ದಾಟಿತು. ಮೂರನೆಯದಕ್ಕೆ ಬಂದು ನಿಂತಾಗ ಬಿಸಿಲು ನೆತ್ತಿಗೆ ಬರುವುದರಲ್ಲಿದೆ. ಇಲ್ಲಿಂದ ಪಡುವಣದ ಮರಳುಗಾಡು ಬಯಲಾಗಿ ಕಾಣುತ್ತದೆ. ಸತ್ತವರಿರುವ ದಿಕ್ಕು ಅದು. ಮಧ್ಯಾಹ್ನದ ರೊಟ್ಟಿ ಬುಟ್ಟಿ ಹೊತ್ತು ನುಬೆತ್ ಕೂಡ ಮೇಲೆ ಬಂದಿದ್ದಾರೆ. ಅಂಖು ಬಣ್ಣ ಕಲಸುತ್ತಿದ್ದಾರೆ. ಮೆಹು ಕೊಡವನ್ನು ಕೆಳಗಿಟ್ಟು ಮೇಸ್ತ್ರಿಯ ಎದುರು ಹೋಗಿ ನಿಲ್ಲುತ್ತಾರೆ.

"ಯಜಮಾನ್ರೇ, ಖುಯಿ ತಡ ಮಾಡ್ಲಿಲ್ಲ. ನೆಲ ಒದ್ದೆ ಇತ್ತು."

ಒದ್ದೆ ಹೇಗಾಯಿತು ಎಂದು ಪೆಹೆನ್ ಕೇಳುತ್ತಾರೆ. ಮೆಹು ಹೇಳುತ್ತಾ ಹೋಗುತ್ತಾರೆ, ದನಿ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಅವತ್ತು ಸತ್ತವರ ಹಬ್ಬ. ಮನೆಯಲ್ಲಿರುವವರು ಹಿರಿಯರ ಗೋರಿಗೆ ಹೋಗಿ ನೀರು ಬಿಡುತ್ತಾರೆ. ಕೆಲಸದ ಮೇಲಿರುವವರು ಪಡುವಣ ಕಾಣುವ ಕಡೆ ನಿಂತು ನೆಲಕ್ಕೆ ಬಿಟ್ಟರೂ ಸಲ್ಲುತ್ತದೆ. ನಸುಕಿನಲ್ಲಿ ಯಾರೂ ಬರುವ ಮೊದಲು ಮೆಹು ಇಲ್ಲಿಗೆ ಹತ್ತಿ ಬಂದು, ಅಪ್ಪನ ಹೆಸರು ಕರೆದು, ದಾರಿಯ ಅಂಚಿನಲ್ಲಿ ಒಂದು ಕೊಡ ನೀರು ಬಿಟ್ಟಿದ್ದರು. ಅದು ಒಳಗೊಳಗೇ ಹರಿದು ಒಣ ನೆಲದ ಕೆಳಗೆ ಸೇರಿಕೊಂಡಿತು. ಕಲ್ಲು ಬರುವ ಹೊತ್ತಿಗೆ ಬಿಸಿಲಿಗೆ ಮೇಲಿನ ಪದರ ಬೆಳ್ಳಗಾಗಿತ್ತು.

"ಕಣ್ಣಿಗೆ ಒಣಗಿದ ಹಾಗೆ ಕಾಣ್ತು. ನಾನು ಕಾಲಿಟ್ಟು ನೋಡ್ಲಿಲ್ಲ. ಒಂದು ದಿನ ನೋಡ್ಲಿಲ್ಲ, ಅಷ್ಟೆ."

 ಅಪ್ಪನಿಗೆ ಬಿಟ್ಟ ನೀರು ತಮ್ಮನನ್ನು ಕೊಂದಿತು ಎನ್ನುವುದು ಹಗ್ಗದ ಸಾಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗಳಿಗೆಯಲ್ಲಿ ಅರ್ಥವಾಗುತ್ತಾ ಹೋಗುತ್ತದೆ. ಇಪ್ಪತ್ತು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ಪೆಹೆನ್ ಕೇಳುತ್ತಾರೆ. ಹೆದರಿಕೆ, ಇನ್ನೇನು. ಕೊಡ ಕೈಬಿಟ್ಟರೆ ತಾನು ಯಾರೂ ಅಲ್ಲ ಎನ್ನುವ ಹೆದರಿಕೆ. ಅದನ್ನು ಮೆಹು ನಮಗೆ ಆಮೇಲೆ ಹೇಳಿದರು, ಹೇಳುವಾಗ ತಲೆ ತಗ್ಗಿಸಿದ್ದರು.

ಪೆಹೆನ್ ಕೆಟ್ಟ ಮನುಷ್ಯರೇನೂ ಅಲ್ಲ. ತಾವು ಆಡಿದ ಮಾತು ಸುಳ್ಳಾಯಿತು ಎನ್ನುವುದು ಅವರ ಮುಖದ ಮೇಲೇ ಕಾಣುತ್ತದೆ. ಕಲ್ಲನ್ನೇ ನೋಡುತ್ತಾ, ಅಂಖುವಿನ ಕಡೆ ತಿರುಗದೆಯೇ ಎರಡು ಮಾತು ಆಡುತ್ತಾರೆ.

"ಹೆಸರು ಬರಿ. ಒಳಮುಖಕ್ಕೇ ಬರಿ." ಆಮೇಲೆ ಮೆಹುಗೆ, "ನಾಳೆಯಿಂದ ನೀರು ಇಪಿ ಹಾಕ್ತಾನೆ. ನೀನು ಹಿಂದೆ ಕೂರು, ಅಡ್ಡಗಲ್ಲು ಹಿಡಿ."

ಖುಯಿಯ ಜಾಗ ಅದು. ಅದಕ್ಕಿಂತ ಸರಿಯಾದ ಶಿಕ್ಷೆ ಇರಲಿಲ್ಲ. ಅದಕ್ಕಿಂತ ಕ್ರೂರವಾದದ್ದೂ ಇರಲಿಲ್ಲ. ಮೆಹು ತಲೆಯಾಡಿಸಿ, ಅಭ್ಯಾಸಬಲದಿಂದ ಕೊಡದ ಕಡೆ ಬಾಗುತ್ತಾರೆ. ತಳದಲ್ಲಿ ಒಂದಿಷ್ಟು ನೀರು ಉಳಿದಿದೆ. ತಮ್ಮನ ಹೆಸರು ಹೇಳಿ ಅದನ್ನು ದಾರಿಯಿಂದ ದೂರ, ಬಂಡೆಯ ಮೇಲೆ ಬಿಡಬೇಕೆಂದು ಅವರ ಮನಸ್ಸಿನಲ್ಲಿತ್ತು. ನುಬೆತ್ ಬುಟ್ಟಿ ಕೆಳಗಿಟ್ಟು ಬಂದು ಕೊಡಕ್ಕೆ ಕೈ ಹಾಕುತ್ತಾರೆ.

"ಬೇಡ ಭಾವ. ನಿಮ್ಮ ಕೈ ನೀರು ಅವ್ರಿಗೆ ಬೇಡ."

ಕೂಗಲಿಲ್ಲ, ಅಳಲಿಲ್ಲ. ಕೊಡವನ್ನು ತಾವೇ ಹೊತ್ತು ಬಂಡೆಯವರೆಗೆ ಹೋಗಿ, ಪಡುವಣಕ್ಕೆ ಮುಖ ಮಾಡಿ, ಖುಯಿಯ ಹೆಸರು ಕರೆದು ಕೊನೆಯ ಹನಿಯವರೆಗೆ ಸುರಿದರು. ಖಾಲಿ ಕೊಡ ತಂದು ಇಪಿಯ ಪಕ್ಕ ಇಟ್ಟರು. ಮೆಹು ಇದ್ದಲ್ಲೇ ನಿಂತಿದ್ದರು. ನೋಡುವುದಕ್ಕೆ ನಮಗೇ ಆಗಲಿಲ್ಲ.

ಮಧ್ಯಾಹ್ನ ಕಲ್ಲು ಮೇಲೆ ಮುಟ್ಟಿತು. ಕಲ್ಲು ಜಾರಿ ಕೂರಲೆಂದು ಗಾರೆಯನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಸುರಿದರು. ಅದು ಗಟ್ಟಿಯಾಗುವುದರೊಳಗೆ ಎಂಟು ಜನ ಮರದ ಸನ್ನೆಗೋಲು ಹಾಕಿ ತಳ್ಳಿದರು. ಕೆಮ್ಮಣ್ಣಿನ ಅಕ್ಷರಗಳು ಪಕ್ಕದ ಕಲ್ಲಿಗೆ ಒಂದು ಗೇಣಿನಷ್ಟು, ಆಮೇಲೆ ಒಂದು ಬೆರಳಿನಷ್ಟು ಹತ್ತಿರವಾಗಿ, ಕೊನೆಗೆ ಕೂದಲು ತೂರದಂತೆ ಮುಚ್ಚಿಕೊಂಡವು. ಮೆಹುಗೆ ಓದಲು ಬರುವುದಿಲ್ಲ. ಎರಡನೆಯ ಸಾಲು ಮೊದಲಿನದಕ್ಕಿಂತ ಚಿಕ್ಕದಿತ್ತು, ಅದೇ ತಮ್ಮನ ಹೆಸರು ಎಂದು ಅಂಖು ಬೆರಳಿಟ್ಟು ತೋರಿಸಿದ್ದರು.

"ಅಲ್ಲಿದಾನೆ ಈಗ," ಎನ್ನುತ್ತಾರೆ ಮೆಹು. "ದೊರೆ ಎಲ್ಲಿವರ್ಗೂ ಇರ್ತಾರೋ ಅಲ್ಲಿವರ್ಗೂ ಇರ್ತಾನೆ. ನಂಗೆ ಹೆಸರು ಬೇಡ. ಯಾರಾದ್ರೂ ಕೇಳಿದ್ರೆ, ಖುಯಿ ಕೈ ನಿಧಾನ ಇರ್ಲಿಲ್ಲ ಅಂತ ಹೇಳಿ. ಸಾಕು."

ಮರುದಿನ ನಸುಕು. ಕೊಡ ಇಪಿಯ ಹೆಗಲ ಮೇಲಿದೆ, ಭಾರಕ್ಕೆ ಒಗ್ಗದೆ ಓಲಾಡುತ್ತಿದೆ. ಮೆಹು ಕಲ್ಲಿನ ಹಿಂದೆ ಅಡ್ಡಗಲ್ಲು ಎದೆಗೊತ್ತಿಕೊಂಡು ನಡೆಯುತ್ತಿದ್ದಾರೆ. ಇಲ್ಲಿಂದ ಮುಂದಿನದೇನೂ ಕಾಣುವುದಿಲ್ಲ, ಕಲ್ಲಿನ ಬೆನ್ನೊಂದೇ. ಖುಯಿ ಆರು ವರ್ಷ ನೋಡಿದ್ದು ಇದನ್ನೇ. ಮುಂದೆ ನೆಲ ಒಣಗಿದೆಯೋ ಇಲ್ಲವೋ ಎನ್ನುವುದನ್ನು ಹಿಂದೆ ಕೂರುವವನು ನೀರಿನವನ ಮೇಲೆ ಬಿಟ್ಟುಬಿಡಬೇಕು, ಖುಯಿ ಅಣ್ಣನ ಮೇಲೆ ಬಿಟ್ಟಿದ್ದ ಹಾಗೆ.

ಮೂರನೆಯ ಉಸಿರಿನ ಜಾಗದಲ್ಲಿ ಬಂಡಿ ನಿಲ್ಲುತ್ತದೆ. ಹಗ್ಗ ಇನ್ನೂ ಬಿಗಿಯಾಗಿದೆ.

"ಇಪಿ, ಕಾಲಿಟ್ಟು ನೋಡಿದ್ಯಾ?"

 ಮುಂದಿನಿಂದ ಒಣ ಮಣ್ಣಿನ ಮೇಲೆ ಹಿಮ್ಮಡಿ ತಿರುವಿದ ಕರಕರ ಕೇಳಿಸುತ್ತದೆ.

"ನೋಡ್ದೆ ಅಣ್ಣ. ಒಣಗಿದೆ."

ಮೆಹು ಊದಿದ ಮಂಡಿಗಳನ್ನು ಮಡಚಿ ಬಂಡಿಯ ಹಿಂದೆ ಕೂರುತ್ತಾರೆ.