ನಾನು ಬರೆದುಕೊಟ್ಟ ಹಸು

ಗುಂಡ್ಲುಪೇಟೆಯ ಸಾಲದ ಕಂಪನಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಆ ಸಂಬಳದಲ್ಲಿ ಉಂಡ ಅನ್ನ ನನಗೆ ಈಗಲೂ ಅರಗಿಲ್ಲ. ಬೆಳಿಗ್ಗೆ ನಮ್ಮೂರು ಹರವೆಯಿಂದ ಬೈಕ್ ಹತ್ತಿ ಹೊರಟರೆ ಹಂಗಳದ ಕಡೆಯ ಊರುಗಳಲ್ಲಿ ಹೆಂಗಸರ ಗುಂಪುಗಳಿಗೆ ಸಾಲ ಕೊಡಿಸುವುದು, ವಾರವಾರ ಕಂತು ಕಟ್ಟಿಸಿಕೊಳ್ಳುವುದು, ಇಷ್ಟೇ ಕೆಲಸ.

ನಾನು ಸೇರುವ ಹೊತ್ತಿಗೆ ಹೊಸ ನಿಯಮ ಬಂದಿತ್ತು. ಸಾಲ ಕೊಡುವ ಮೊದಲು ಆ ಮನೆಯ ಆದಾಯ, ಖರ್ಚು, ಹಳೆಯ ಸಾಲ ಎಲ್ಲವನ್ನೂ ವಿಚಾರಿಸಬೇಕು. ಕಂತುಗಳೆಲ್ಲ ಸೇರಿ ಆದಾಯದ ಅರ್ಧ ದಾಟುವಂತಿದ್ದರೆ ಸಾಲ ಕೊಡಕೂಡದು. ಒಳ್ಳೆಯ ನಿಯಮ, ಎರಡು ಮಾತಿಲ್ಲ. ಆದರೆ ಸರ್ಕಾರ ಚಾಪೆ ಕೆಳಗೆ ತೂರಿದರೆ ನಮ್ಮ ಮ್ಯಾನೇಜರ್ ರಂಗೋಲಿ ಕೆಳಗೆ ತೂರುವ ಆಸಾಮಿ. ಟ್ಯಾಬಿನಲ್ಲಿ ಲೆಕ್ಕ ತುಂಬಿದಾಗ ಕಂತು ಮಿತಿ ದಾಟಿದರೆ ಪರದೆ ಕೆಂಪಾಗುತ್ತಿತ್ತು. “ಕೆಂಪು ಇಟ್ಕೊಂಡು ನನ್ನ ಮುಂದೆ ಬರ್ಬ್ಯಾಡ್ರಯ್ಯಾ. ಆದಾಯ ಸಾಲ್ದಿದ್ರೆ ಮನೆ ಮುಂದೆ ಒಂದು ಹಸ ಕಟ್ಟಿ,” ಎಂದ.

ಹಾಲಿನ ಆದಾಯ ಸೇರಿದರೆ ಪರದೆ ಹಸಿರು. ಸಾಕ್ಷಿಗೆ ಹೆಂಗಸು ಹಗ್ಗ ಹಿಡಿದು ಹಸುವಿನ ಪಕ್ಕ ನಿಂತ ಫೋಟೊ ಬೇಕು. ಹಂಗಳದ ಹತ್ತಿರದ ಒಂದು ಊರಿನಲ್ಲಿ ಗುಂಪಿನ ಮುಖಂಡೆಯ ಮನೆಯಲ್ಲಿ ಸೀಮೆಹಸು ಒಂದಿತ್ತು. ಅದನ್ನೇ ಬಾಗಿಲಿಂದ ಬಾಗಿಲಿಗೆ ಹೊಡೆದುಕೊಂಡು ಹೋಗಿ ಫೋಟೊ ತೆಗೆಯುತ್ತಿದ್ದೆ. ಒಂದೇ ಬೆಳಿಗ್ಗೆ ಎಂಟು ಮನೆಯ ಹಸುವಾಯಿತು ಪಾಪದ್ದು. ಕೊನೆಕೊನೆಗೆ ನನ್ನ ಬೈಕಿನ ಸದ್ದು ಕೇಳಿದರೆ ತಾನೇ ಎದ್ದು ನಿಲ್ಲುತ್ತಿತ್ತು. ನಾನು ನಗುತ್ತಿದ್ದೆ, ಹೆಂಗಸರೂ ನಗುತ್ತಿದ್ದರು. ಬೀದಿಯವರ ಮುಂದೆ ‘ನಮ್ಮನೇಲಿ ಏನೂ ಇಲ್ಲ’ ಅನ್ನುವುದಕ್ಕಿಂತ ಹಗ್ಗ ಹಿಡಿಯುವುದೇ ಅವರಿಗೆ ಮೇಲೆನಿಸುತ್ತಿತ್ತು.

ಒಬ್ಬಾಕೆ ಮಾತ್ರ ಹಗ್ಗ ಮುಟ್ಟಲಿಲ್ಲ. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಕೂಲಿ. ಒಬ್ಬಳೇ ಮಗಳು, ಗುಂಡ್ಲುಪೇಟೆಯಲ್ಲಿ ಎರಡನೇ ಪಿಯುಸಿ. ಗಂಡನ ಮೊಪೆಡ್ಡಿನ ಕಂತು ಆಗಲೇ ಬೇರೆ ಕಡೆ ನಡೆಯುತ್ತಿತ್ತು. ಈಗ ಸೋರುವ ಮನೆಗೆ ಶೀಟು ಹಾಕಿಸಲು ಸಾಲ ಬೇಕಿತ್ತು.

“ನಂಗ್ ಅಸ ಇಲ್ಲ ಕಣಪ್ಪ. ಇಲ್ದಿರೋ ಅಸೀನ್ ಆಲು ಕರ್ದು ಕಂತು ಕಟ್ಟಕಾಯ್ತದಾ?”

“ಅದು ಸುಮ್ನೆ ಫಾರಂಗೆ ಅಕ್ಕ.”

ಆಕೆ ನನ್ನನ್ನು ಜಗಲಿ ಮೇಲೆ ಕೂರಿಸಿ ಕುಡಿಯಲು ನೀರು ಕೊಟ್ಟಳು. “ನಾನ್ ಓದ್ದೋಳಲ್ಲ, ನೀನ್ ಓದಿದ್ದೀಯ. ನಮ್ ಕೂಲಿ ಏಟು, ಖರ್ಚು ಏಟು ಎಲ್ಲಾ ಏಳ್ತೀನಿ, ನೀನೇ ಒಸಿ ಲೆಕ್ಕ ಆಕು. ಮಗಳ ಕಾಲೇಜು ಬುಡ್ಸಂಗಾಗ್ಬಾರ್ದು. ಅಂಗಾಗದಾದ್ರೆ ನಂಗೀ ದುಡ್ಡೇ ಬ್ಯಾಡ, ಮನೆ ಸೋರ್ಕಂಡೇ ಇರ್ಲಿ,” ಎಂದಳು.

ನಿಯಮ ನನ್ನಿಂದ ಕೇಳಿದ್ದೂ ಅದನ್ನೇ. ಆಕೆ ಒಂದನ್ನೂ ಮುಚ್ಚಿಡಲಿಲ್ಲ. ಚೆಂಡುಹೂ ಕೀಳುವ ಕಾಲದಲ್ಲಿ ಮಾತ್ರ ದಿನಾ ಕೂಲಿ, ಆಮೇಲೆ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ ಎಂದಳು. ರಾಗಿ, ಎಣ್ಣೆ, ಮಗಳ ಬಸ್ಸು, ಗಂಡನ ಮಾತ್ರೆ, ಎಲ್ಲ ಒಪ್ಪಿಸಿದಳು. ಹೇಳಿದ್ದನ್ನೆಲ್ಲ ಟ್ಯಾಬಿಗೆ ತುಂಬಿದೆ. ಪರದೆ ಕೆಂಪಾಯಿತು. ಅಲ್ಲಿಗೇ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ತಿಂಗಳ ಕೊನೆ, ನನ್ನ ಟಾರ್ಗೆಟ್ಟಿಗೆ ಒಂದೇ ಒಂದು ಸಾಲ ಕಮ್ಮಿ. ಚೆಂಡುಹೂವಿನ ಕೂಲಿಯನ್ನು ಇಡೀ ವರ್ಷಕ್ಕೆ ಎಳೆದೆ. ಊಟದ ಖರ್ಚನ್ನು ಅರ್ಧಕ್ಕಿಳಿಸಿದೆ. ಆಕೆ ಬೇಡವೆಂದ ಹಸುವನ್ನೂ ಕಟ್ಟಿದೆ, ಪಕ್ಕದ ಮನೆಗೆಂದು ತೆಗೆದ ಹಸುವಿನ ಫೋಟೊ ಹಾಕಿ. ಹಸಿರಾಯಿತು.

“ಆಯ್ತದಾ?” ಎಂದಳು.

“ಆಯ್ತದೆ ಅಕ್ಕ, ಧೈರ್ಯವಾಗಿ ತಕ್ಕೊಳಿ,” ಎಂದೆ. ಈ ಬಾಯಿಂದಲೇ ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಮನೆಗೆ ಶೀಟು ಹಾಕಿಸಿದರು. ಮೂರು ತಿಂಗಳು ಕಂತು ಸರಿಯಾಗಿ ಬಂತು. ಚೆಂಡುಹೂ ಮುಗಿದ ಮೇಲೆ ನಿಂತಿತು. “ಹೋಗಿ ಬಾಗಿಲಲ್ಲಿ ಕೂತ್ಕೊಳಯ್ಯ, ದುಡ್ಡು ಬರೋಗಂಟ ಏಳ್ಬ್ಯಾಡ,” ಎಂದ ಮ್ಯಾನೇಜರ್. ನಮ್ಮ ಕಡೆ ಬಾಗಿಲಿಗೆ ಬಂದು ಕೂತವನನ್ನು ಬಿಟ್ಟು ಯಾರೂ ಉಣ್ಣುವುದಿಲ್ಲ. ಅದು ಗೊತ್ತಿದ್ದೇ ನಮ್ಮನ್ನು ಕೂರಿಸುತ್ತಿದ್ದರು. ವಾರವಾರ ಕೂತೆ. “ಒಂದ್ ತುತ್ತು ಉಣ್ಣಪ್ಪ” ಎಂದು ಕರೆಯುತ್ತಿದ್ದಳು. ನಾನು ಬೇಡವೆನ್ನುತ್ತಿದ್ದೆ. ಮಧ್ಯಾಹ್ನ ಇಳಿಯುವವರೆಗೆ ಆ ಮನೆಯಲ್ಲಿ ಯಾರೂ ತಟ್ಟೆ ಮುಟ್ಟುತ್ತಿರಲಿಲ್ಲ. ಅದನ್ನು ಕೆಲಸ ಎಂದು ಕರೆದುಕೊಂಡು ಸಂಜೆ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಎಂಥಾ ಹೇಸಿಗೆ ಬದುಕು!

ಮಗಳ ಪಿಯುಸಿ ಪರೀಕ್ಷೆಗೆ ಇನ್ನೆರಡು ತಿಂಗಳಿದ್ದಾಗ ಒಂದು ದಿನ ಹೋದೆ. ಕೂರುವ ಮೊದಲೇ ಆಕೆ ಒಳಗಿಂದ ದುಡ್ಡು ತಂದು ನನ್ನ ಕೈಗಿಟ್ಟಳು. ಬಾಕಿಯಿದ್ದ ಅಷ್ಟೂ ಕಂತು.

“ಎಲ್ಲಿಂದ ಬಂತಕ್ಕ?”

“ಮಗ್ಳು ತಿರುಪೂರಿಗೆ ಒಂಟೋದ್ಲು, ಬನೀನ್ ಕಂಪ್ನಿಗೆ. ಮೊದಲ್ನೇ ಸಂಬಳ ಕಳ್ಸವ್ಳೆ.”

ಬೈಯಲಿ ಎಂದು ಕಾದೆ. ನಿನ್ನ ಮನೆ ಹಾಳಾಗ ಎಂದು ಮಣ್ಣು ತೂರಿದ್ದರೂ ತಲೆ ಒಡ್ಡುತ್ತಿದ್ದೆ. ನನ್ನ ಮುಖ ನೋಡಿದ ಆಕೆಗೆ ಏನನ್ನಿಸಿತೋ, ನನ್ನನ್ನೇ ಸಮಾಧಾನ ಮಾಡಲು ನಿಂತಳು.

“ನೀನ್ಯಾಕ್ ಮಕ ಸಣ್ಣ ಮಾಡ್ಕಂಡೀಯ ಬುಡಪ್ಪ. ನಿನ್ ಲೆಕ್ಕ ಸರಿಯಾಗೇ ಇತ್ತು. ನಾವೇ ಎಲ್ಲೋ ಒಸಿ ಜಾಸ್ತಿ ಉಂಡ್ಬುಟ್ವೇನೋ.”

ನಾನು ದುಡ್ಡು ಎಣಿಸಿಕೊಂಡು ರಸೀದಿ ಕೊಟ್ಟೆ.